ಎರೆ ಮಣ್ಣಿನ ಊರಿಗೆ ಎಂಥ ಸ್ನೀಕರ್?

ಅಕ್ಕನ ಮಗನಿಗೆ ಹತ್ತೊಂಬತ್ತು. ಪರೀಕ್ಷೆ ಮುಗಿಸಿದ್ದಕ್ಕೆ ಅವನಪ್ಪ ಬೂಟು ಕೊಳ್ಳಲೆಂದು ಐದು ಸಾವಿರ ರೂಪಾಯಿ ಕೊಟ್ಟಿದ್ದರು. ಮೂರು ವಾರ ಮೊಬೈಲ್ ಉಜ್ಜಿ ಉಜ್ಜಿ ಏನೂ ಬಗೆಹರಿಯದೆ, ಮಾರ್ಚ್ ಕೊನೆಯ ಒಂದು ಭಾನುವಾರ ನಮ್ಮ ಮನೆಗೆ ಬಂದ.

"ಮಾಮಾ, ಜೋರ್ಡನ್ ತೊಗೊಳ್ಲೇನ್, ಸಾಂಬಾ ತೊಗೊಳ್ಲೇನ್?"

ಅಡುಗೆಮನೆಯಿಂದ ನಮ್ಮವ್ವ, "ಮನ್ಯಾಗ ಬ್ಯಾಳಿ ಅದಲೋ, ಮತ್ತ ಸಾಂಬಾರ್ ಯಾಕ?" ಅಂದಳು.

ಅವನು ಹೇಳಿದ ಎರಡೂ ಪರದೇಶದ ಬೂಟಿನ ಹೆಸರು. ನಗು ಮುಗಿದ ಮೇಲೆ ನಾನು ಕೇಳಿದ್ದು ಒಂದೇ ಮಾತು: "ಹಾಕ್ಕೊಂಡು ಎಲ್ಲಿ ತಿರಗಾಡ್ತಿ?" ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವನು ಬೂಟು ನೋಡಿದ್ದೆಲ್ಲ ಮೊಬೈಲ್‌ನಲ್ಲಿ. ಅಲ್ಲಿ ಬೂಟಿಗೆ ನೆಲವೇ ಇರುವುದಿಲ್ಲ, ಬಿಳಿ ಗೋಡೆಯ ಮುಂದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ನಮಗೋ ಕಾಲ ಕೆಳಗೆ ಎರೆ ಮಣ್ಣು, ಶಹಾಬಾದ್ ಪರಸಿ ಕಲ್ಲು, ಮೇ ತಿಂಗಳಲ್ಲಿ ಕಾದ ಡಾಂಬರು. ಅವತ್ತು ಅವನಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ, ಕಲಬುರಗಿ, ಬೀದರ, ಯಾದಗಿರಿ ಕಡೆ ಬೂಟು ಕೊಳ್ಳಲು ಹೊರಟವರಿಗೆ ಬರೆಯುತ್ತಿದ್ದೇನೆ.

ಬೂಟಿಗೂ ಒಂದು ಊರು ಇರುತ್ತದೆ

ಅಳಿಯನ ಬಾಯಲ್ಲಿ ಬಂದ ಸಾಂಬಾವನ್ನೇ ತೆಗೆದುಕೊಳ್ಳಿ. ಜರ್ಮನಿಯ ಅಡಿಡಾಸ್ ಕಂಪನಿ 1950ರ ಹೊತ್ತಿಗೆ ಅದನ್ನು ಮಾಡಿದ್ದು, ಚಳಿಗೆ ಹೆಪ್ಪುಗಟ್ಟಿ ಕಲ್ಲಾದ ನೆಲದ ಮೇಲೆ ಫುಟ್‌ಬಾಲ್ ಆಟಗಾರರು ಜಾರದೆ ಅಭ್ಯಾಸ ಮಾಡಲಿ ಎಂದು. ಮುಂದೆ 1970ರ ದಶಕದ ಕೊನೆಗೆ ಲಿವರ್‌ಪೂಲ್ ತಂಡದ ಅಭಿಮಾನಿಗಳು ತಂಡದ ಬೆನ್ನು ಹತ್ತಿ ಯುರೋಪಿನ ಊರೂರು ತಿರುಗಿದರು. ಬರುವಾಗ ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗದ ಅಡಿಡಾಸ್ ಜೋಡುಗಳನ್ನು ತಂದರು. ಮೈದಾನದ ಸುತ್ತಲಿನ ಮೆಟ್ಟಿಲುಗಳ ಮೇಲೆ ನಿಂತು ಆಟ ನೋಡುವ ಆ ಹುಡುಗರಿಂದ ಈ ಬಗೆಯ ತೆಳು ಬೂಟಿಗೆ 'ಟೆರೇಸ್' ಎಂಬ ಹೆಸರು ಅಂಟಿತು. ಟೆರೇಸ್ ಎಂದರೆ ಇಲ್ಲಿ ಆ ಮೆಟ್ಟಿಲು, ನಾವು ಹಪ್ಪಳ ಒಣಹಾಕುವ ಮಾಳಗಿ ಅಲ್ಲ.

ಅಮೆರಿಕದಲ್ಲಂತೂ ಊರಿಗೊಂದು ಬೂಟು. ನೈಕಿಯ ಏರ್ ಫೋರ್ಸ್ 1 ಬಂದದ್ದು 1982ರಲ್ಲಿ, ಬಾಸ್ಕೆಟ್‌ಬಾಲ್ ಆಟಕ್ಕೆ. ಒಂದೆರಡು ವರ್ಷದಲ್ಲೇ ಕಂಪನಿ ಅದನ್ನು ನಿಲ್ಲಿಸಲು ಹೊರಟಿತ್ತು. ಬಾಲ್ಟಿಮೋರ್ ಎಂಬ ಊರಿನ ಮೂವರು ಅಂಗಡಿಕಾರರು 'ನಮ್ಮಲ್ಲಿ ಹುಡುಗರು ಕೇಳುತ್ತಾರೆ, ಬೇರೆ ಬೇರೆ ಬಣ್ಣದಲ್ಲಿ ಮಾಡಿಕೊಡಿ' ಎಂದು ಗಂಟುಬಿದ್ದು ಮಾಡಿಸಿಕೊಂಡರು. ಆ ಬೂಟು ಬದುಕಿದ್ದು ಹಾಗೆ. ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಹುಡುಗರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ತಮ್ಮ ಓಣಿಯ ಹೆಸರನ್ನೇ ಇಟ್ಟು 'ಅಪ್‌ಟೌನ್' ಎಂದು ಕರೆದರು. ದೂರದ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಬಿಸಿಲಿದೆ. ಅಲ್ಲಿ 1966ರಲ್ಲಿ ಶುರುವಾದ ವ್ಯಾನ್ಸ್‌ನ ಕ್ಯಾನ್ವಾಸ್ ಬೂಟಿನ ಅಂಟು ಅಂಟಾದ ಸೋಲು, ಅಂದರೆ ಅಡಿಭಾಗ, ಸ್ಕೇಟ್‌ಬೋರ್ಡ್ ಹಲಗೆಗೆ ಚೆನ್ನಾಗಿ ಹಿಡಿಯುತ್ತಿತ್ತು, ಹುಡುಗರು ಬಿಡಲಿಲ್ಲ. ದಕ್ಷಿಣ ಆಫ್ರಿಕಾದ ಕೇರಿಗಳಲ್ಲಿ ಪಾಂಟ್ಸುಲಾ ಕುಣಿಯುವವರ ಕಾಲಿಗೆ ಬಿದ್ದದ್ದು 1917ರಷ್ಟು ಹಳೆಯ ಕಾನ್ವರ್ಸ್ ಆಲ್ ಸ್ಟಾರ್. ನೆಲಕ್ಕೆ ಹತ್ತಿರದ ಚಪ್ಪಟೆ ಸೋಲು, ಪಾದ ಬಡಿದರೆ ಸದ್ದು ಕೇಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಏರ್ ಮ್ಯಾಕ್ಸ್ 95ರದ್ದು. ಅದನ್ನು ರೂಪಿಸಿದ ಸೆರ್ಜಿಯೊ ಲೊಜಾನೊ ಇದ್ದದ್ದು ಮಳೆ ಹೆಚ್ಚಿರುವ ಆರೆಗಾನ್ ರಾಜ್ಯದಲ್ಲಿ. ಕೆಸರಿನ ದಾರಿಯಲ್ಲಿ ಓಡಿದರೂ ಕೊಳೆ ಎದ್ದು ಕಾಣಬಾರದೆಂದು ಬೂಟಿನ ಬುಡಕ್ಕೆ ಕಪ್ಪು, ಮೇಲೆ ಹೋದಂತೆ ತಿಳಿಯಾಗುವ ಬೂದು ಬಣ್ಣ ಕೊಟ್ಟರು. ಇಂಥ ಲೆಕ್ಕ ನಮ್ಮ ಎರೆ ಹೊಲದ ರೈತರಿಗೆ ಹೇಳಿಕೊಡಬೇಕಿಲ್ಲ. ಅವರು ಬಿಳಿ ಧೋತರ ಉಟ್ಟರೂ ಹೊಲಕ್ಕೆ ಹೋಗುವಾಗ ಮೊಣಕಾಲಿನ ಮೇಲೆ ಎತ್ತಿ ಕಟ್ಟುತ್ತಾರೆ. ಕೆಸರಿಗೆಂದು ಬಣ್ಣ ಹಚ್ಚಿದ ಆ ಬೂಟು ಜಪಾನಿಗೆ ಹೋಗಿ ಹುಚ್ಚೆಬ್ಬಿಸಿತು. ಟೋಕಿಯೊದ ಬೀದಿಗಳಲ್ಲಿ ಕಾಲಿನಿಂದಲೇ ಬೂಟು ಕಿತ್ತುಕೊಂಡು ಹೋಗುವ ದರೋಡೆಗಳಾದವು, ಅದಕ್ಕೆ 'ಏರ್ ಮ್ಯಾಕ್ಸ್ ಬೇಟೆ' ಎಂಬ ಮಾತೇ ಹುಟ್ಟಿತು. ಶರಣಬಸವೇಶ್ವರ ಜಾತ್ರೆಯಲ್ಲಿ ಗುಡಿಯ ಹೊರಗೆ ಬೂಟು ಬಿಟ್ಟು, ತಿರುಗಿ ಬಂದು ಯಾರದೋ ಸವೆದ ಹವಾಯಿ ಮೆಟ್ಟಿಕೊಂಡು ಮನೆಗೆ ಹೋದವರಿಗೆ ಈ ಬೇಟೆ ಹೊಸದಲ್ಲ.

ಇನ್ನು ಜೋರ್ಡನ್. ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹಾಕಿದ ಕೆಂಪು-ಕಪ್ಪು ಬೂಟು ಲೀಗಿನ ನಿಯಮಕ್ಕೆ ಹೊಂದುವುದಿಲ್ಲವೆಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು ಎನ್‌ಬಿಎ 1985ರಲ್ಲಿ ಪತ್ರ ಬರೆಯಿತು. ನೈಕಿ ಅದನ್ನೇ ಜಾಹೀರಾತು ಮಾಡಿಕೊಂಡಿತು: ಲೀಗು ಬೇಡವೆಂದಿತು, ನೀವು ಹಾಕುವುದನ್ನು ಯಾರೂ ತಡೆಯಲಾರರು ಎಂಬ ಧಾಟಿಯಲ್ಲಿ. ಹುಡುಗರಿಗೆ ಬೇಡ ಅನ್ನಬಾರದು, ಅಂದರೆ ಅದೇ ಬೇಕಾಗುತ್ತದೆ. ಮರುವರ್ಷ, 1986ರಲ್ಲಿ, ನ್ಯೂಯಾರ್ಕಿನ ರನ್ ಡಿಎಂಸಿ ಎಂಬ ರಾಪ್ ತಂಡ ಅಡಿಡಾಸ್ ಹೆಸರಲ್ಲೇ ಹಾಡು ಕಟ್ಟಿತು. ಆ ತಂಡದವರು ಲೇಸ್ ತೆಗೆದುಹಾಕಿ ಬೂಟು ಮೆಟ್ಟುತ್ತಿದ್ದರು. ಆಟದವರ ಬದಲು ಹಾಡುವವರ ಹಿಂದೆ ಬೂಟು ಕಂಪನಿ ಬಿದ್ದದ್ದು ಅಲ್ಲಿಂದ.

ಇದನ್ನೆಲ್ಲ ಹೇಳುವಾಗ ಅಳಿಯ ಆಕಳಿಸಿದ. "ಅದೆಲ್ಲ ಖರೇ ಮಾಮಾ, ನಾ ಯಾವ್ದು ತೊಗೊಳ್ಲಿ?"

ಮೂರು ಜಿಲ್ಲೆ, ಮೂರು ಕೆಸರು

ನಮ್ಮ ಕಡೆಯೇ ನೆಲ ಒಂದೇ ಥರ ಇಲ್ಲ. ಕಲಬುರಗಿ, ಜೇವರ್ಗಿ, ಅಫಜಲಪುರದ ಎರೆ ಮಣ್ಣು ಒಣಗಿದ್ದಾಗ ಬಿರುಕು ಬಿಟ್ಟು ಸುಮ್ಮನಿರುತ್ತದೆ. ಎರಡು ಹನಿ ಬಿದ್ದರೆ ಹಿಡಿದುಕೊಳ್ಳುತ್ತದೆ, ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಒಂದೊಂದು ಕಿಲೋ. ಸೋಲಿನ ಕೆಳಗೆ ಆಳ ಗೀರುಗಳಿದ್ದರೆ ಮಣ್ಣು ಅದರೊಳಗೆ ಹೊಕ್ಕು ಒಣಗಿ ಸಿಮೆಂಟಾಗುತ್ತದೆ, ಮೊಳೆ ಹಾಕಿ ಕೆತ್ತಬೇಕು. ಹಾಗಾಗಿ 'ಒಳ್ಳೆ ಗ್ರಿಪ್ ಅದ ನೋಡ್ರಿ' ಎಂದು ಅಂಗಡಿಯವರು ತೋರಿಸುವ ಆಳ ಹಲ್ಲಿನ ಸೋಲು ಇಲ್ಲಿ ಗುಣವಲ್ಲ, ಶಿಕ್ಷೆ.

ಬೀದರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಅಲ್ಲಿಯದು ಕೆಂಪು ಧೂಳು. ಕೋಟೆಯೊಳಗೆ ಒಂದು ಸುತ್ತು ಹಾಕಿ ಬಂದರೆ ಬಿಳಿ ಬೂಟಿನ ಹೊಲಿಗೆಯ ಸಾಲಿನಲ್ಲಿ ಇಟ್ಟಂಗಿ ಬಣ್ಣ ಕೂರುತ್ತದೆ, ತೊಳೆದರೂ ಗುಲಾಬಿ ಛಾಯೆ ಉಳಿಯುತ್ತದೆ. ಅಲ್ಲಿಯವರಿಗೆ ನನ್ನ ಸಲಹೆ ಕಂದು, ಖಾಕಿ, ಇಲ್ಲವೇ ಜೇನು ಬಣ್ಣದ ಸೋಲು. ಯಾದಗಿರಿಯ ಶಹಾಪುರ, ಸುರಪುರದ ಕಾಲುವೆ ಕೆಳಗಿನ ಭತ್ತದ ಊರುಗಳಲ್ಲಿ ಬೂಟು ಒಣಗುವುದೇ ಕಷ್ಟ, ಬೇಗ ನೀರಾರುವ ಜಾಲರಿ ಬಟ್ಟೆಯದೇ ವಾಸಿ. ವಾಡಿ, ಸೇಡಂ, ಶಹಾಬಾದ್ ಕಡೆಯ ಕಲ್ಲು-ಸಿಮೆಂಟಿನ ಪುಡಿಗೆ ಬೂದು ಬಣ್ಣವೇ ಸೈ. ಅಲ್ಲಿ ಏನು ಕೊಂಡರೂ ಕೊನೆಗೆ ಅದೇ ಬಣ್ಣಕ್ಕೆ ಬರುತ್ತದೆ.

ಮತ್ತೆ ಬಿಸಿಲು. ಬೇಸಿಗೆಯಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಇವಾ ಎಂಬ ಹಗುರ ಫೋಮಿನ ಸೋಲು ಬಿಸಿಲಿಗೆ ಕುಗ್ಗುತ್ತದೆ, ಅಂಟು ಮೆತ್ತಗಾಗುತ್ತದೆ. ತೊಳೆದ ಬೂಟನ್ನು ಮಾಳಗಿ ಮೇಲೆ ಮಧ್ಯಾಹ್ನ ಒಣಹಾಕಿ, ಸಂಜೆ ನೋಡಿದರೆ ಅರ್ಧ ನಂಬರ್ ಸಣ್ಣದಾಗಿದೆ ಎಂದು ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ನೆರಳಿನಲ್ಲಿ, ಫ್ಯಾನ್ ಕೆಳಗೆ, ಒಳಗೆ ಪೇಪರ್ ತುರುಕಿ ಒಣಗಿಸಿ.

ಇನ್ನೊಂದು ಲೆಕ್ಕ ಪರದೇಶದ ವಿಡಿಯೋಗಳಲ್ಲಿ ಬರುವುದಿಲ್ಲ. ನಾವು ದಿನಕ್ಕೆ ಎಷ್ಟು ಸಲ ಬೂಟು ಬಿಚ್ಚುತ್ತೇವೆ? ಮನೆ, ಗುಡಿ, ದರ್ಗಾ, ಗೆಳೆಯನ ರೂಮು, ಕೆಲವು ಕಡೆ ಕಂಪ್ಯೂಟರ್ ಲ್ಯಾಬು, ಕೆಲವು ಡಾಕ್ಟರ ಕೋಣೆ. ಸಾಲು ತೂತಿನ ಲೇಸ್ ಕಟ್ಟಿದ ಎತ್ತರದ ಜೋರ್ಡನ್ ಹಾಕಿಕೊಂಡು ಬಂದಾ ನವಾಜ್ ದರ್ಗಾದ ಬಾಗಿಲಲ್ಲಿ ಒಂದು ಕಾಲಿನ ಮೇಲೆ ಕುಪ್ಪಳಿಸುವ ಹುಡುಗರನ್ನು ನೋಡಿದ್ದೇನೆ. ಎರಡನೇ ವಾರಕ್ಕೆ ಅವರೇ ಹಿಮ್ಮಡಿಯ ಭಾಗ ತುಳಿದು ಬೂಟನ್ನು ಚಪ್ಪಲಿ ಮಾಡಿರುತ್ತಾರೆ. ರನ್ ಡಿಎಂಸಿಯವರು ಶೋಕಿಗೆ ಲೇಸ್ ತೆಗೆದರು, ನಾವು ದೇವರ ಭಯಕ್ಕೆ ತೆಗೆಯುತ್ತೇವೆ.

ಐದು ಬಗೆ

ಅಂಗಡಿಯಲ್ಲಿ ನೂರು ಡಬ್ಬಿ ಕಂಡರೂ ಬಗೆಗಳು ಹೆಚ್ಚೆಂದರೆ ಐದು.

ಮೊದಲನೆಯದು ಅಳಿಯನ ಕಣ್ಣು ಬಿದ್ದ ಜಾತಿ: ಏರ್ ಫೋರ್ಸ್, ಜೋರ್ಡನ್ ಥರದ ದಪ್ಪ ಬಿಳಿ ಬೂಟು. ಅದರ ಸೋಲು ಬಟ್ಟಲಿನ ಹಾಗೆ, ಅಂಚು ಮೇಲಕ್ಕೆದ್ದಿರುತ್ತದೆ, ಮೇಲ್ಭಾಗವನ್ನು ಅದರೊಳಗೆ ಕೂರಿಸಿ ಸುತ್ತಲೂ ಹೊಲಿಯುತ್ತಾರೆ. ಗಟ್ಟಿ, ಸರಿ. ಚರ್ಮವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಎರೆ ಕಲೆ ಕೂಡ ಹೋಗುತ್ತದೆ. ಆದರೆ ಭಾರ, ಮತ್ತು ಒಳಗೆ ಗಾಳಿಯಾಡುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಒಳಗೆ ಪಾದ ಬೇಯುತ್ತದೆ, ಸಾಯಂಕಾಲ ಬಿಚ್ಚಿದರೆ ಮನೆಯವರು ಕಿಟಕಿ ತೆರೆಯುತ್ತಾರೆ. ಅಗ್ಗದವುಗಳಲ್ಲಿ ಚರ್ಮವಿರುವುದಿಲ್ಲ, ರೆಕ್ಸಿನ್ ಥರದ್ದು ಇರುತ್ತದೆ. ಬೆರಳು ಮಡಚುವ ಜಾಗದಲ್ಲಿ ಆರು ತಿಂಗಳಿಗೆ ಸುಲಿಯುತ್ತದೆ. ಅಂಗಡಿಯಲ್ಲಿ ಅದೇ ಜಾಗವನ್ನು ಒತ್ತಿ ಮಡಚಿ ನೋಡಿ. ಸಣ್ಣ ಸಣ್ಣ ನೆರಿಗೆ ಬಿದ್ದರೆ ಚರ್ಮ, ಒಂದೇ ಗೀರು ಕಾಗದದ ಹಾಗೆ ಬಿದ್ದರೆ ಅಲ್ಲ.

ಎರಡನೆಯದು ಕ್ಯಾನ್ವಾಸ್. ನಮ್ಮ ತಲೆಮಾರಿಗೆ ಇದು ಟ್ರೆಂಡ್ ಅಲ್ಲ, ಶಾಲೆಯ ಡ್ರಿಲ್ ಪೀರಿಯಡ್. ಬಿಳಿ ಕ್ಯಾನ್ವಾಸ್ ತೊಳೆದು, ಒಣಗುವ ಮುಂಚೆ ಖಡು, ಅಂದರೆ ಸೀಮೆಸುಣ್ಣ, ತಿಕ್ಕಿ ಬೆಳ್ಳಗೆ ಮಾಡುತ್ತಿದ್ದೆವು. ಆಗಸ್ಟ್ 15ರ ಬೆಳಿಗ್ಗೆ ಮೈದಾನದಲ್ಲಿ ಕಾಲು ಬಡಿದರೆ ಬಿಳಿ ಪುಡಿ ಹಾರುತ್ತಿತ್ತು. ಅದೇ ಬೂಟು ಕಾನ್ವರ್ಸ್ ಎಂಬ ಹೆಸರಿನಲ್ಲಿ ನಾಲ್ಕೈದು ಸಾವಿರಕ್ಕೆ ಕಂಡಾಗ ನನ್ನ ಗೆಳೆಯನೊಬ್ಬ, "ಇದಕ್ಕ ಖಡು ಫ್ರೀ ಕೊಡ್ತಾರೇನ್ರಿ?" ಎಂದು ಕೇಳಿದ್ದ. ಬಿಸಿಲಿಗೆ ಒಳ್ಳೆಯದು, ಬೇಗ ಒಣಗುತ್ತದೆ, ಸೋಲು ಚಪ್ಪಟೆ ಇರುವುದರಿಂದ ಮಣ್ಣು ಕಡಿಮೆ ಹಿಡಿಯುತ್ತದೆ. ಕೊರತೆ ಎಂದರೆ ಒಳಗೆ ಮೆತ್ತನೆಯದು ಏನೂ ಇಲ್ಲ. ದಿನವಿಡೀ ಪರಸಿ ಹಾಸಿನ ಮೇಲೆ ನಿಲ್ಲುವವರಿಗೆ, ಅಂದರೆ ಅಂಗಡಿಯವರಿಗೆ, ಮಾಸ್ತರರಿಗೆ, ಹಿಮ್ಮಡಿ ಹಿಡಿಯುತ್ತದೆ.

ಮೂರನೆಯದು ಜಾಲರಿ ಬಟ್ಟೆಯ ಓಟದ ಬೂಟು. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಲು ಎಣಿಸಿದರೆ ಹೆಚ್ಚು ಕಾಣುವುದು ಇದೇ. ಕ್ಯಾಂಪಸ್, ಸ್ಪಾರ್ಕ್ಸ್, ಏಷಿಯನ್ ಥರದ ದೇಶದ ಕಂಪನಿಗಳು ಈ ಬಗೆಯಲ್ಲಿ ಪಳಗಿವೆ. ಹರಿಯಾಣದ ಬಹಾದ್ದೂರಗಡ ಚರ್ಮವಲ್ಲದ ಬೂಟಿನ ದೊಡ್ಡ ಕೇಂದ್ರ, ಸಾವಿರ ರೂಪಾಯಿಯ ಆಸುಪಾಸಿನ ಬೂಟುಗಳಲ್ಲಿ ಬಹಳಷ್ಟು ಅಲ್ಲಿಂದ ಬರುತ್ತವೆ. ಪೊಲೀಸ್ ಭರತಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಐದಕ್ಕೆ ಓಡುವ ಹುಡುಗ ಹುಡುಗಿಯರಿಗೆ ಇದನ್ನು ಬಿಟ್ಟು ಬೇರೆ ಹೇಳುವುದಿಲ್ಲ. ಹಗುರ, ಗಾಳಿಯಾಡುತ್ತದೆ, ಬಕೆಟ್‌ನಲ್ಲಿ ಅದ್ದಿ ತೆಗೆಯಬಹುದು. ಒಂದು ಎಚ್ಚರ: ಕೆಳಗೆ ಪೂರ್ತಿ ಫೋಮ್ ಇದ್ದರೆ ನಮ್ಮ ಡಾಂಬರು ಅದನ್ನು ನಾಲ್ಕು ತಿಂಗಳಲ್ಲಿ ತಿನ್ನುತ್ತದೆ. ತಿರುಗಿಸಿ ನೋಡಿ, ನೆಲ ಮುಟ್ಟುವ ಜಾಗದಲ್ಲಾದರೂ ರಬ್ಬರಿನ ತುಂಡು ಕೂರಿಸಿರಬೇಕು. ಉಗುರಿನಿಂದ ಒತ್ತಿದರೆ ಗುರುತು ಉಳಿಯುವುದು ಫೋಮ್, ಉಳಿಯದಿದ್ದರೆ ರಬ್ಬರ್.

ನಾಲ್ಕನೆಯದು ಈಗ ರೀಲ್ಸ್‌ನಲ್ಲಿ ಕುಣಿಯುವ ದಪ್ಪ ಸೋಲಿನ ಗಡವ ಬೂಟು. ನ್ಯೂ ಬ್ಯಾಲೆನ್ಸ್ 1982ರಲ್ಲಿ 990 ಎಂಬುದನ್ನು ನೂರು ಡಾಲರಿಗೆ ಮಾರಿದಾಗ ಓಡುವ ಬೂಟಿಗೆ ಇಷ್ಟೊಂದು ಬೆಲೆಯೇ ಎಂದು ಜನ ಬಾಯಿ ತೆರೆದಿದ್ದರು, ವಾಷಿಂಗ್ಟನ್ ಊರಿನವರು ಅದನ್ನೇ ತಮ್ಮ ಗುರುತು ಮಾಡಿಕೊಂಡರು. ಆ ಕುಲದ ಅಸಲಿ ಬೂಟು ಕಾಲಿಗೆ ಸುಖ. ಆದರೆ ಅದರ ಹೆಸರಿನಲ್ಲಿ ಇಲ್ಲಿ ಸಾವಿರಕ್ಕೆ ಸಿಗುವ ಗುಡ್ಡದಂಥ ಸೋಲುಗಳು ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಬೈಕಿನ ಗೇರ್ ಹಾಕಲು ಬರುವುದಿಲ್ಲ, ಗೀರುಗಳ ತುಂಬ ಮಣ್ಣು. ಇನ್ನು ಹೇಳುವುದೇನಿಲ್ಲ.

ಐದನೆಯದು ಟೆರೇಸ್ ಬೂಟು, ಸಾಂಬಾ ಕುಲ. ತೆಳು ಮೈ, ಜೇನು ಬಣ್ಣದ ಚಪ್ಪಟೆ ರಬ್ಬರ್, ಮೂತಿಗೆ ಸ್ವೇಡ್, ಅಂದರೆ ಮಖಮಲ್ಲಿನಂಥ ಚರ್ಮ. ನಾನು ಬೀಗುತ್ತಾ ಅಳಿಯನಿಗೆ ಇದನ್ನೇ ಹೇಳಿದೆ. ಸೋಲಿಗೆ ಮಣ್ಣು ಅಂಟಿದರೂ ಕಲ್ಲಿಗೆ ಎರಡು ಸಲ ಉಜ್ಜಿದರೆ ಉದುರುತ್ತದೆ. ಸೋಲಿನ ಬಣ್ಣವೇ ಧೂಳಿನ ಬಣ್ಣ. ಕಾಲು ಸುಲಭವಾಗಿ ಒಳಗೆ ಹೋಗಿ ಬರುತ್ತದೆ. ಪ್ಯಾಂಟಿಗೂ ಸೈ, ಮದುವೆ ಕುರ್ತಾಕ್ಕೂ ಸೈ. ಚಳಿಯಲ್ಲಿ ಹೆಪ್ಪುಗಟ್ಟಿದ ಜರ್ಮನಿಯ ಮೈದಾನಕ್ಕೆ ಹುಟ್ಟಿದ್ದು ಬಿಸಿಲಿಗೆ ಬಿರಿದ ಎರೆ ನೆಲಕ್ಕೆ ಹೊಂದುತ್ತದೆ, ಏಕೆಂದರೆ ಎರಡೂ ಗಟ್ಟಿ ನೆಲ. ಸ್ವೇಡ್ ಇರುವ ಜಾಗಕ್ಕೆ ಮಾತ್ರ ನೀರು ತಾಗಿಸಬೇಡಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ ಮೇಲೆ ಕೆರೆಯಿರಿ. ಅಂದಹಾಗೆ, ಮನೆಯೊಳಗೆ ಬೂಟು ಬಿಟ್ಟು ಹೋಗುವ ಜಪಾನಿನಿಂದಲೂ ಇದೇ ಮೈಕಟ್ಟಿನದು ಬರುತ್ತದೆ, ಒನಿತ್ಸುಕಾ ಟೈಗರ್‌ನ ಮೆಕ್ಸಿಕೊ 66. ಇನ್ನೂ ತೆಳು, ಇನ್ನೂ ಹಗುರ. ಬೆಲೆ ಹಗುರವಲ್ಲ.

ಅಸಲಿಯೋ, ದೇಸಿಯೋ, ಫಸ್ಟ್ ಕಾಪಿಯೋ

ಅಸಲಿ ಸಾಂಬಾ ಹತ್ತು ಸಾವಿರದ ಆಸುಪಾಸು, ಏರ್ ಫೋರ್ಸ್ ಅದಕ್ಕಿಂತ ಒಂದೆರಡು ಸಾವಿರ ಕಡಿಮೆ, ಎತ್ತರದ ಜೋರ್ಡನ್ ಸಾಂಬಾಕ್ಕಿಂತಲೂ ಮೇಲೆ. ಐದು ಸಾವಿರ ಹಿಡಿದುಕೊಂಡು ಜೋರ್ಡನೋ ಸಾಂಬಾನೋ ಎಂದು ಕೇಳುವವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. "ಹೈದ್ರಾಬಾದಿಗಿ ಹೋಗಿ ಫಸ್ಟ್ ಕಾಪಿ ತರಾಂವ ಹೌದಿಲ್ಲೊ?" ಅಂದೆ. ತಲೆ ಕೆರೆದುಕೊಂಡ.

ಫಸ್ಟ್ ಕಾಪಿ ಎಂದರೆ ಅಸಲಿಯ ಹೆಸರು ಹಚ್ಚಿದ ನಕಲಿ ಬೂಟು. ನಾನೂ ತಂದಿದ್ದೆ. ಹದಿನೆಂಟು ನೂರು ಕೊಟ್ಟು, ಚೌಕಾಸಿ ಮಾಡಿದ ಜಂಬದಲ್ಲಿ. ಮೂರನೇ ತಿಂಗಳು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಓಡುವ ಬಸ್ಸಿನ ಹಿಂದೆ ನಾನು ಓಡಿದೆ, ನನ್ನ ಹಿಂದೆ ಬಲಗಾಲಿನ ಸೋಲು ಉಳಿಯಿತು. ಬಸ್ಸಿನಲ್ಲಿ ಕೂತು ನೋಡಿದರೆ ಸುತ್ತಲೂ ಕಾಣುತ್ತಿದ್ದ ಹೊಲಿಗೆ ಹೊಲಿಗೆಯೇ ಅಲ್ಲ, ಅಚ್ಚಿನಲ್ಲಿ ಒತ್ತಿದ ಗೆರೆ! ಒಳಗೆ ಬರೀ ಅಂಟು. ಅದಕ್ಕೇ ಹೇಳುವುದು: ಹೊಲಿಗೆಯ ಮೇಲೆ ಉಗುರು ಎಳೆಯಿರಿ, ದಾರದ ತಿರುಚು ಕೈಗೆ ಸಿಗಬೇಕು.

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಕೊಡೆಯ ಕೆಳಗೆ ಕೂರುವ ಒಬ್ಬ ಹಿರಿಯ ಮೋಚಿಯವರ ಹತ್ತಿರ ಆ ಬೂಟು ಒಯ್ದೆ. ಅವರ ಹಿಂದೆ ಹರಳಯ್ಯ-ಕಲ್ಯಾಣಮ್ಮನವರ ಪಟ. ಬಸವಣ್ಣನವರು ಒಂದು ಶರಣಿಗೆ ಎರಡು ಶರಣು ಹೇಳಿದರೆಂದು, ಆ ಋಣಕ್ಕೆ ಗಂಡ ಹೆಂಡಿರಿಬ್ಬರೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದರು ಎಂಬ ಕತೆ ಈ ಸೀಮೆಯಲ್ಲಿ ತಿಳಿಯದವರಿಲ್ಲ. ಹರಳಯ್ಯನವರದೆಂದು ಹೇಳುವ ಗುಹೆ ಬಸವಕಲ್ಯಾಣದಲ್ಲಿ ಈಗಲೂ ಇದೆ. ಚಮ್ಮಾವುಗೆಯನ್ನು ಬಸವಣ್ಣನವರು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತರಂತೆ. ಕಾಲಿಗೆ ಹಾಕದೆ ಗಾಜಿನ ಕಪಾಟಿನಲ್ಲಿ ಬೂಟು ಇಟ್ಟು ಪೂಜಿಸುವ ಈಗಿನ ಸಂಗ್ರಹಕಾರರಿಗೆ ಆ ಕತೆ ಯಾರಾದರೂ ಹೇಳಬೇಕು. ಅವರ ಬೂಟಿಗೆ ಇನ್ನೊಂದು ಶಾಪವೂ ಇದೆ. ಪಾಲಿಯುರೆಥೇನ್ ಫೋಮಿನ ಸೋಲು ಹಾಕದೆ ಡಬ್ಬಿಯಲ್ಲೇ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಕಳಚಿ, ವರ್ಷಗಳ ಮೇಲೆ ಮೆಟ್ಟಿದ ದಿನ ಬೂಂದಿಯಾಗಿ ಉದುರುತ್ತದೆ.

ಮೋಚಿ ಕಾಕಾ ನನ್ನ ಬೂಟನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ ಹೊಲಿಗಿ ನಿಂದ್ರಂಗಿಲ್ರಿ. ಫೋಮಿಗಿ ಸೂಜಿ ಹಾಕಿದ್ರ ಬೆಣ್ಣಿ ಕೊಯ್ದಂಗ ಕೊಯ್ತದ" ಅಂದರು. ಪಕ್ಕದಲ್ಲಿದ್ದ ಯಾರದೋ ಹಳೆಯ ದೇಸಿ ಬೂಟು ತೋರಿಸಿ, "ಇದಕ್ಕ ರಬ್ಬರ್ ಅಂಚ್ ಅದ. ಸುತ್ತ ಒಂದ್ ಹೊಲಿಗಿ ಹಾಕಿದ್ರ ಎರಡ್ ವರ್ಷಕ್ಕ ಚಿಂತಿಲ್ಲ." ಬೆಲೆ, ಬ್ರ್ಯಾಂಡ್, ಟ್ರೆಂಡ್ ಎಲ್ಲಕ್ಕಿಂತ ನಾನು ಈಗ ಮೊದಲು ಕೇಳುವುದು ಇದನ್ನೇ: ನಮ್ಮೂರ ಮೋಚಿ ಇದನ್ನು ಹೊಲಿಯಬಲ್ಲರೇ? ಮೊದಲನೇ ಮತ್ತು ಐದನೇ ಬಗೆಯಲ್ಲಿ ರಬ್ಬರ್ ಅಂಚಿದ್ದರೆ ಹೌದು. ಕ್ಯಾನ್ವಾಸಿಗೆ ಅಂಟಿಸಬಹುದು. ಜಾಲರಿ ಬೂಟು ಸೋಲು ಬಿಟ್ಟರೆ ಬಿಟ್ಟಂತೆಯೇ, ಆದರೆ ಅಷ್ಟು ಹೊತ್ತಿಗೆ ಕೊಟ್ಟ ಸಾವಿರ ದುಡಿದಿರುತ್ತದೆ.

ಹೀಗಾಗಿ ನನ್ನ ತೀರ್ಮಾನ ಸೀದಾ ಇದೆ. ರೊಕ್ಕ ಇದ್ದು ಮೂರು ನಾಲ್ಕು ವರ್ಷ ಹಾಕುವ ಮನಸ್ಸಿದ್ದರೆ ಅಸಲಿ. ಇಲ್ಲದಿದ್ದರೆ ದೇಸಿ ಕಂಪನಿಯದು, ತನ್ನ ಹೆಸರಿನಲ್ಲೇ ಮಾರುವಂಥದ್ದು. ಫಸ್ಟ್ ಕಾಪಿಯಲ್ಲಿ ನೀವು ರೊಕ್ಕ ಕೊಡುವುದು ಗುರುತಿಗೆ, ಬೂಟಿಗಲ್ಲ. ದೇಸಿ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಆಟದ ಬೂಟಿಗೆ ಅದರ ಸಂಖ್ಯೆ ಐಎಸ್ 15844. ಬೆಲೆಯ ಲೆಕ್ಕದಲ್ಲಿ ಒಂದು ಗೆರೆ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಮೂರು ಸಾವಿರದ ಬೂಟಿಗೂ ಎರಡೂವರೆ ಸಾವಿರದ ಬೂಟಿಗೂ ಇರುವ ಅಂತರದಲ್ಲಿ ತೆರಿಗೆಯ ಪಾಲೇ ದೊಡ್ಡದಿರಬಹುದು.

ನಂಬರ್

ಆನ್‌ಲೈನ್‌ನಲ್ಲಿ ಕೊಂಡು ಬೂಟು ವಾಪಸ್ ಮಾಡುವವರ ಗೋಳು ಬಹುಪಾಲು ಇಲ್ಲೇ. ನಮ್ಮ ಅಂಗಡಿಯವರು ಹೇಳುವ 8 ಎಂದರೆ ಯುಕೆ 8. ಅದೇ ಪಾದ ಅಮೆರಿಕದ ಲೆಕ್ಕದಲ್ಲಿ ಕಂಪನಿಗೆ ತಕ್ಕಂತೆ ಎಂಟೂವರೆ ಅಥವಾ 9. ಪಾದದ ಅಗಲದ ಮಾತಂತೂ ಯಾರೂ ಎತ್ತುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಉದ್ದಗಲ ಪಾದ ಅಳೆದು, ಭಾರತೀಯರ ಪಾದ ಯುರೋಪ್, ಅಮೆರಿಕದವರಿಗಿಂತ ಅಗಲ ಎಂದು ಕಂಡುಕೊಂಡಿತು. ನಮ್ಮದೇ ಅಳತೆಗೆ 'ಭಾ' ಎಂಬ ಹೆಸರೂ ಸೂಚಿತವಾಗಿದೆ. ಚಿಕ್ಕಂದಿನಿಂದ ಬರಿಗಾಲಲ್ಲಿ ಹೊಲ ತಿರುಗಿದವರ ಪಾದ ಬೆರಳಿನ ಕಡೆ ಇನ್ನೂ ಹರಡಿರುತ್ತದೆ ಎಂಬುದು ನನ್ನ ಮನೆಯಲ್ಲೇ ಕಂಡದ್ದು. ತೆಳು ಮೈಯ ಸಾಂಬಾ ಕುಲದ ಬೂಟಿನಲ್ಲಿ ಅಂಥವರು ಅರ್ಧ ನಂಬರ್ ಮೇಲೆ ಹೋಗುವುದು ಒಳ್ಳೆಯದು. ಕಾನ್ವರ್ಸ್ ಆದರೆ ಮೊದಲೇ ದೊಡ್ಡದಿರುತ್ತದೆ, ಬೇಕಿಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ.

ಎಲ್ಲಿ ಕೊಳ್ಳಬೇಕೆಂದರೆ, ಮೊದಲ ಸಲ ಯಾವ ಬಗೆಯೇ ಆಗಲಿ ಸೂಪರ್ ಮಾರ್ಕೆಟ್‌ನಲ್ಲೋ ಬೇರೆ ಅಂಗಡಿಯಲ್ಲೋ ಕಾಲಿಗೆ ಹಾಕಿ ನೋಡಿಯೇ ಕೊಳ್ಳಿ. ಎರಡನೇ ಸಲ ಅದೇ ಮಾಡೆಲ್ ಆನ್‌ಲೈನ್‌ನಲ್ಲಿ ತರಿಸಿದರೆ ಅಡ್ಡಿಯಿಲ್ಲ.

ಕೊನೆಗೆ ತಂದದ್ದು

ಇಷ್ಟೆಲ್ಲ ಕೇಳಿದ ಮೇಲೆ ಅಳಿಯ ಜೇನು ಬಣ್ಣದ ಸೋಲಿನ ದೇಸಿ ಟೆರೇಸ್ ಬೂಟು ತರುತ್ತಾನೆಂದು ನಂಬಿದ್ದೆ. ಮರುದಿನ ಸಂಜೆ ಡಬ್ಬಿ ತೆಗೆದರೆ ಹಾಲಿನಂಥ ಬಿಳಿ, ಬಟ್ಟಲು ಸೋಲಿನ ಮೊದಲನೇ ಬಗೆ. ದೇಸಿ ಕಂಪನಿಯದೇ, 2,199 ರೂಪಾಯಿ. ಅಷ್ಟರ ಮಟ್ಟಿಗೆ ನನ್ನ ಮಾತು ನಡೆದಿತ್ತು.

"ಏಪ್ರಿಲ್ ಬಿಸಲಾಗ ಕಾಲ್ ಕುದಿತಾವ ಅಂತ ಹೇಳಿದ್ನಿಲ್ಲೊ?"

"ನೀ ಹೇಳಿದ್ದೆಲ್ಲ ಖರೇ ಅದ ಮಾಮಾ. ಆದ್ರ ಹದಿನಾಲ್ಕಕ್ಕ ಬಿಳೀದೇ ಬೇಕು."

ಅದನ್ನು ನಾನು ಮರೆತೇಬಿಟ್ಟಿದ್ದೆ. ಏಪ್ರಿಲ್ 14ರ ಸಂಜೆ ಜಗತ್ ಸರ್ಕಲ್‌ನಲ್ಲಿ ಬಾಬಾಸಾಹೇಬರ ಪ್ರತಿಮೆಯ ಕಡೆ ಮೆರವಣಿಗೆಗಳು ಬರುವಾಗ, ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಲ್ಲಿ ನೀಲಿ ಶಾಲು ಹಾಕಿದ ಹುಡುಗರ ಸಾಲು ನೋಡಬೇಕು ನೀವು. ಡಿಜೆ ಸದ್ದಿಗೆ ಧೂಳೆಬ್ಬಿಸಿ ಕುಣಿಯುವ ಆ ಕಾಲುಗಳಿಗೆ ಬಿಳಿ ಬೂಟೇ ಬೇಕು, ಎರೆ ಮಣ್ಣು ಏನಾದರೂ ಅನ್ನಲಿ. ರಂಜಾನ್ ರಾತ್ರಿಗಳಲ್ಲಿ ಮುಸ್ಲಿಂ ಚೌಕಿನಲ್ಲಿ ಪಠಾಣಿಯ ಕೆಳಗೆ ಮಿಂಚುವುದೂ ಬಿಳಿಯೇ, ಮದುವೆಯಲ್ಲಿ ಶೇರವಾನಿಯ ಮದುಮಗನ ಗೆಳೆಯರು ಒಂದೇ ಥರ ತಂದು ಫೋಟೊ ತೆಗೆಸುವುದೂ ಬಿಳಿಯೇ. ಹಾರ್ಲೆಮ್‌ನವರು ಯಾಕೆ ಬಿಳಿ ಹಚ್ಚಿಕೊಂಡರೋ ಅವರಿಗೆ ಗೊತ್ತು. ಇಲ್ಲಿಯ ಬಿಳಿಗೆ ಇಲ್ಲಿಯದೇ ಕಾರಣ. ಆ ದಿನದ ಲೆಕ್ಕ ನನ್ನ ಐದು ಬಗೆಗಳಲ್ಲಿ ಎಲ್ಲೂ ಇರಲಿಲ್ಲ.

"ಹಂಗಾದ್ರ ನಡಿ" ಎಂದು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸೂಪರ್ ಮಾರ್ಕೆಟ್‌ಗೆ ಹೋದೆ. ಮೋಚಿ ಕಾಕಾ ಬೂಟಿನ ಅಂಚಿನ ಮೇಲೆ ಉಗುರು ಎಳೆದರು. ಅಚ್ಚಿನ ಗೆರೆ. "ರಬ್ಬರ್ ಗಟ್ಟಿ ಅದ, ಹೊಲಿಗಿ ಕೂಡ್ತದ" ಎಂದು ಸೂಜಿಗೆ ಮೇಣ ಸವರಿದರು. ಆಮೇಲೆ ಡಬ್ಬಿಯಿಂದ ಎರಡು ಉಂಡೆ ತೆಗೆದು ಅಳಿಯನ ಮುಂದೆ ಹಿಡಿದರು.

"ದಾರ ಬಿಳೀದ್ ಹಾಕ್ಲೇನ್ ತಮ್ಮಾ, ನೀಲಿದು ಹಾಕ್ಲೇನ್?"

"ನೀಲಿದು ಹಾಕ್ರಿ ಕಾಕಾ."